ಅನುಕಂಪದಲ್ಲಿ ಫೇಲಾದ ಡಾಕ್ಟರು

ನಲವತ್ತು ವರ್ಷ ಒಂದೇ ಊರಿನಲ್ಲಿ, ಒಂದೇ ಕುರ್ಚಿಯಲ್ಲಿ ಕುಳಿತು ಮೂರು ತಲೆಮಾರಿನ ನಾಡಿ ಹಿಡಿದ ಕುಟುಂಬ ವೈದ್ಯರೊಬ್ಬರು ಮೊನ್ನೆ ಅನುಕಂಪದ ಪರೀಕ್ಷೆಯಲ್ಲಿ ಅನುತ್ತೀರ್ಣರಾದರು. ಇಪ್ಪತ್ತಕ್ಕೆ ಏಳು ಅಂಕ. ಕೆಳಗೊಂದು ಷರಾ: "ಅಭ್ಯರ್ಥಿಗೆ ರೋಗಿಯ ಬಗ್ಗೆ ಕಾಳಜಿ ಇರುವಂತೆ ತೋರುತ್ತದೆ. ಆದರೆ ಅದನ್ನು ನಿಗದಿತ ಕ್ರಮದಲ್ಲಿ ಪ್ರದರ್ಶಿಸಿಲ್ಲ."

ಈ ಡಾಕ್ಟರು ನನ್ನ ಕಲ್ಪನೆಯವರು. ಪರೀಕ್ಷೆ ಮಾತ್ರ ಕಲ್ಪನೆಯದಲ್ಲ. ರೋಗಿಯ ವೇಷ ಹಾಕಿದವರನ್ನು ಮುಂದೆ ಕೂರಿಸಿ ವೈದ್ಯರನ್ನು ಅಳೆಯುವ ಪದ್ಧತಿಯನ್ನು 1960ರ ದಶಕದಲ್ಲೇ ಅಮೆರಿಕದ ನರರೋಗ ತಜ್ಞ ಹೊವಾರ್ಡ್ ಬ್ಯಾರೋಸ್ ಶುರು ಮಾಡಿದರು. ವಿದ್ಯಾರ್ಥಿಗಳಿಗೆ ಅದು ಒಳ್ಳೆಯದೇ. ನಟನ ಹೊಟ್ಟೆ ಒತ್ತಿ ಪಳಗಿದ ಕೈ ನಿಜವಾದ ನೋವಿನ ಹೊಟ್ಟೆಯನ್ನು ಮೆಲ್ಲಗೆ ಒತ್ತುತ್ತದೆ. ವೈದ್ಯರ ಕೈಯಿಂದ ಹೊತ್ತನ್ನೆಲ್ಲ ಕಿತ್ತುಕೊಂಡು, ಆಮೇಲೆ ಕರುಣೆಗೆ ಅಂಕಪಟ್ಟಿ ಅಚ್ಚು ಹಾಕಿಸುವವರನ್ನು ಕಂಡಾಗ ಮಾತ್ರ ನನಗೆ ನಗು ತಡೆಯುವುದಿಲ್ಲ.

ಪರೀಕ್ಷೆಗೆ ಎಂಟು ನಿಮಿಷ. ನಟನಿಗೆ ಕೊಟ್ಟ ಪಾತ್ರ ಹೊಟ್ಟೆನೋವು. ಮೂಲೆಯಲ್ಲಿ ಅಂಕದ ಹಾಳೆ ಹಿಡಿದ ಪರೀಕ್ಷಕಿ. ಡಾಕ್ಟರು ಬಂದವರೇ ಸ್ಟೆತಸ್ಕೋಪಿನ ಬಿಲ್ಲೆಯನ್ನು ಅಂಗೈಯಲ್ಲಿ ಮುಚ್ಚಿಕೊಂಡು ಕುಳಿತರು. ತಣ್ಣನೆಯ ಲೋಹ ಎದೆಗೆ ತಾಗಿದರೆ ರೋಗಿ ಬೆಚ್ಚುತ್ತಾನೆ; ಅದನ್ನು ಮೊದಲು ಬಿಸಿ ಮಾಡಿಕೊಳ್ಳುವುದು ಅವರ ನಲವತ್ತು ವರ್ಷದ ಚಾಳಿ. ಹಾಳೆಯಲ್ಲಿ ಅದಕ್ಕೊಂದು ಕಲಂ ಇರಲಿಲ್ಲ. "ಉಪಕರಣ ಕೈಯಲ್ಲಿಟ್ಟುಕೊಂಡು ಕಾಲಹರಣ" ಎಂದು ಪರೀಕ್ಷಕಿ ಬರೆದುಕೊಂಡರು.

"ಹೊಟ್ಟೆ ನೋಯುತ್ತಿದೆ ಡಾಕ್ಟರೇ" ಎಂದು ನಟ ಬಾಯಿಪಾಠ ಒಪ್ಪಿಸಿದ. ಇಲ್ಲಿ ಅಭ್ಯರ್ಥಿ ಎರಡು ಸೆಕೆಂಡು ಸುಮ್ಮನಿದ್ದು, ತಲೆಯನ್ನು ತುಸು ಎಡಕ್ಕೆ ವಾಲಿಸಿ, "ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ" ಎನ್ನಬೇಕು. ಎಂದರೆ ಎರಡು ಅಂಕ. ನಮ್ಮ ಡಾಕ್ಟರು, "ನನಗೆ ಅರ್ಥವಾಗಲಿಲ್ಲ, ಇನ್ನೊಮ್ಮೆ ಹೇಳಿ" ಎಂದರು. ಎರಡೂ ಅಂಕ ಹೋದವು.

ನಟ ಇನ್ನೊಮ್ಮೆ ಹೇಳುತ್ತಿದ್ದಂತೆ ಡಾಕ್ಟರ ಕಣ್ಣು ಅವನ ಕಾಲಿನ ಮೇಲೆ ನಿಂತಿತು. ಕಾಲುಚೀಲದ ಅಂಚು ಚರ್ಮದಲ್ಲಿ ಆಳವಾಗಿ ಅಚ್ಚೊತ್ತಿತ್ತು. ಬಗ್ಗಿ, ಕಣಕಾಲಿನ ಎಲುಬಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿದರು. ಬೆರಳು ತೆಗೆದ ಮೇಲೂ ಗುಳಿ ಹಾಗೆಯೇ ಉಳಿಯಿತು.

"ಈ ಬಾವು ಎಷ್ಟು ದಿನದಿಂದ?"

"ಅದು ನನ್ನ ಪಾತ್ರದಲ್ಲಿ ಇಲ್ಲ ಸರ್."

"ಕಾಲಿನಲ್ಲಿ ಇದೆಯಲ್ಲ. ರಾತ್ರಿ ಎಷ್ಟು ದಿಂಬು ಇಟ್ಟುಕೊಂಡು ಮಲಗುತ್ತೀರಿ?"

ನಟ ಪರೀಕ್ಷಕಿಯ ಕಡೆ ನೋಡಿದ. ಆಮೇಲೆ ದನಿ ತಗ್ಗಿಸಿ, "ಮೊದಲು ಒಂದು. ಈಗೀಗ ಮೂರು. ಅಂಗಾತ ಮಲಗಿದರೆ ಉಸಿರು ಕಟ್ಟಿದಂತಾಗುತ್ತದೆ" ಎಂದ. ಅಷ್ಟರಲ್ಲಿ ಗಂಟೆ ಬಾರಿಸಿತು. ಹೊಟ್ಟೆನೋವಿನ ಒಂದು ಪ್ರಶ್ನೆಯನ್ನೂ ಡಾಕ್ಟರು ಕೇಳಿರಲಿಲ್ಲ. ಏಳು ಅಂಕವಾದರೂ ಎಲ್ಲಿಂದ ಬಂತೋ. ಬಹುಶಃ ಕೈ ತೊಳೆದುಕೊಂಡದ್ದಕ್ಕೆ.

ಗಂಟೆಯ ಮಾತು ಬಂತಲ್ಲ. ಬಾಯಿ ತೆರೆದ ರೋಗಿಯನ್ನು ವೈದ್ಯರು ಎಷ್ಟು ಹೊತ್ತಿಗೆ ತಡೆಯುತ್ತಾರೆ ಎಂದು 1984ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು ಗಡಿಯಾರ ಹಿಡಿದು ನೋಡಿದರು: ಸರಾಸರಿ 18 ಸೆಕೆಂಡು. ತಡೆಯದೆ ಬಿಟ್ಟರೆ ರೋಗಿ ಎಷ್ಟು ಹೊತ್ತು ಮಾತಾಡಿಯಾನು ಎಂದು 2002ರಲ್ಲಿ ಸ್ವಿಟ್ಜರ್ಲೆಂಡಿನವರು ನೋಡಿದರು: ಸರಾಸರಿ 92 ಸೆಕೆಂಡು. ಅಂದರೆ ತಲೆಗೆ 74 ಸೆಕೆಂಡು ಉಳಿತಾಯ. ಇಷ್ಟು ದೊಡ್ಡ ಗಂಟು ಎಲ್ಲಿ ಜಮೆಯಾಗುತ್ತಿದೆ ಎಂಬ ಸುಳಿವು 2016ರ ಇನ್ನೊಂದು ಅಮೆರಿಕನ್ ಅಧ್ಯಯನದಲ್ಲಿ ಸಿಕ್ಕಿತು. ರೋಗಿಯ ಎದುರು ಒಂದು ಗಂಟೆ ಕಳೆಯುವ ವೈದ್ಯರು ಕಂಪ್ಯೂಟರ್ ಮತ್ತು ಮೇಜಿನ ಕೆಲಸಕ್ಕೆ ಹೆಚ್ಚುಕಡಿಮೆ ಎರಡು ಗಂಟೆ ಸುರಿಯುತ್ತಾರೆ. ಕಂಪ್ಯೂಟರನ್ನಂತೂ ಯಾರೂ ಮಧ್ಯದಲ್ಲಿ ತಡೆಯುವುದಿಲ್ಲ.

ಆ ಋಣವನ್ನು ಅದು ತೀರಿಸಿದ ಬಗೆ ನೋಡಿ. 2023ರಲ್ಲಿ 195 ರೋಗಿ ಪ್ರಶ್ನೆಗಳಿಗೆ ವೈದ್ಯರು ಬರೆದ ಉತ್ತರವನ್ನೂ ಚಾಟ್‌ಬಾಟ್ ಬರೆದ ಉತ್ತರವನ್ನೂ ಪಕ್ಕಪಕ್ಕ ಇಟ್ಟು ತೂಗಿದರು. ಅನುಕಂಪವಿದೆ ಎನಿಸಿಕೊಂಡ ಉತ್ತರಗಳು ಯಂತ್ರದ್ದು ಶೇ 45, ವೈದ್ಯರದ್ದು ಶೇ 5ಕ್ಕೂ ಕಡಿಮೆ. ಯಂತ್ರಕ್ಕೇನು, ಹೊರಗೆ ಬೆಂಚಿನ ಮೇಲೆ ಕಾಯುವವರಿಲ್ಲ, ಹಿಂದಿನ ರಾತ್ರಿ ಯಾರದೋ ಸಾವು ನೋಡಿ ಬಂದ ಆಯಾಸವಿಲ್ಲ. ವೈದ್ಯರಿಗೆ ಇನ್ನಷ್ಟು ಹೊತ್ತು ಕೊಡೋಣ ಎಂದು ಯಾರಾದರೂ ಅಂದಾರು ಎಂದುಕೊಂಡೆ. ಕರುಣೆಯ ಮೊದಲ ಕರಡನ್ನು ಯಂತ್ರವೇ ಬರೆಯಲಿ, ವೈದ್ಯರು ತಿದ್ದಿ ಕಳುಹಿಸಲಿ ಎಂಬ ಸಲಹೆ ಬಂತು.

ನಾರ್ವೆಯ ಸುದ್ದಿ ಇದಕ್ಕಿಂತ ಪೇಚಿನದು. 15 ವರ್ಷಕ್ಕೂ ಹೆಚ್ಚು ಕಾಲ ಒಬ್ಬರೇ ಕುಟುಂಬ ವೈದ್ಯರನ್ನು ಹೊಂದಿದ್ದವರಲ್ಲಿ ಸಾವಿನ ಸಂಭವ, ಒಂದೇ ವರ್ಷದ ಪರಿಚಯದವರಿಗಿಂತ ಸುಮಾರು ಕಾಲು ಭಾಗ ಕಡಿಮೆ ಎಂದು ಅಲ್ಲಿನ ಅಧ್ಯಯನ ಹೇಳಿತು. ಇದು ಬರೀ ಸಂಬಂಧ, ಕಾರಣವಲ್ಲ ಎಂದು ಲೆಕ್ಕದವರು ಎಚ್ಚರಿಸುತ್ತಾರೆ. ನಮ್ಮ ಡಾಕ್ಟರೂ ಅದನ್ನು ಸಂಬಂಧ ಎಂದೇ ಕರೆಯುತ್ತಾ ಬಂದಿದ್ದಾರೆ. ಆದರೆ ಹದಿನೈದು ವರ್ಷದ ಸಂಬಂಧವನ್ನು ಎರಡು ದಿನದ ಕಾರ್ಯಾಗಾರದಲ್ಲಿ ಕಲಿಸುವುದು ಹೇಗೆ? ಅದಕ್ಕೇ ತಲೆ ವಾಲಿಸುವುದನ್ನು ಕಲಿಸುತ್ತಾರೆ.

ಡಾಕ್ಟರಿಗೆ ಮರುಪರೀಕ್ಷೆಯ ಪತ್ರ ಬಂದಿದೆ. ಅವರು ಅದನ್ನು ಇನ್ನೂ ಒಡೆದಿಲ್ಲ. ಬೆಳಿಗ್ಗೆ ಬಾಗಿಲು ತೆಗೆದಾಗ ಮೊದಲ ಸರದಿಯಲ್ಲಿ ಕುಳಿತಿದ್ದವನು ಆ ನಟ, ಈ ಸಲ ಪಾತ್ರದ ಹಾಳೆ ಇಲ್ಲದೆ. ಅವನ ಪಕ್ಕದಲ್ಲಿ, ವಯಸ್ಸಾದ ಹೆಂಗಸೊಬ್ಬರ ಕೈ ಹಿಡಿದುಕೊಂಡು ಪರೀಕ್ಷಕಿ.

"ಅಮ್ಮ ಹೇಳುವುದು ಸ್ವಲ್ಪ ನಿಧಾನ, ಡಾಕ್ಟರೇ" ಎಂದರು ಅವರು, ಗೋಡೆಯ ಮೇಲೆಲ್ಲ ಕಣ್ಣಾಡಿಸುತ್ತಾ. "ಇಲ್ಲಿ ಗಂಟೆಗಿಂಟೆ ಇಲ್ಲ ತಾನೆ?"