ಬರ್ಲಿನ್‌ನಲ್ಲೊಬ್ಬ ಅತ್ತೆ

"ಅಪ್ಪ, ನಿಮ್ಮಿಬ್ಬರಿಗೂ ಪೆನ್ಷನ್ ಬುಕ್ ಮಾಡಿದೀನಿ" ಎಂದು ಮಗಳು ಫೋನಿನಲ್ಲಿ ಹೇಳಿದಾಗ ನನಗೆ ತಲೆಬುಡ ತಿಳಿಯಲಿಲ್ಲ. ನಾನು ಬ್ಯಾಂಕಿನಿಂದ ರಿಟೈರ್ ಆಗಿ ಆರು ವರ್ಷವಾಯಿತು. ಪೆನ್ಷನ್ ತಿಂಗಳಾ ತಿಂಗಳಾ ಬರುತ್ತಲೇ ಇದೆ. ಅದನ್ನು ಇವಳು ಬರ್ಲಿನ್‌ನಲ್ಲಿ ಕೂತು ಬುಕ್ ಮಾಡುವುದು ಏನಿದೆ? ಆಮೇಲೆ ಗೊತ್ತಾಯಿತು, ಮನೆಯವರೇ ನಡೆಸುವ ಸಣ್ಣ ವಸತಿಗೃಹಕ್ಕೂ ಜರ್ಮನ್ನರು ಪೆನ್ಷನ್ ಎಂದೇ ಬರೆಯುತ್ತಾರೆ. ಸರ್ಕಾರಿ ನೌಕರರಿಗೆ ರಿಟೈರ್ ಆದ ಮೇಲೆ ಬರುವ ದುಡ್ಡಿಗೂ ಅಲ್ಲಿ ಅದೇ ಪದ. ಪೆನ್ಷನ್ ತಗೊಳ್ಳುವವನು ಪೆನ್ಷನ್‌ನಲ್ಲೇ ಉಳಿದರೆ ತಪ್ಪೇನು ಎಂದು ನಾನೂ ಒಪ್ಪಿದೆ.

ಮಗಳು ಓದುವುದು ಅಲ್ಲಿನ ಟೆಕ್ನಿಕಲ್ ಯೂನಿವರ್ಸಿಟಿಯಲ್ಲಿ. ಅವಳ ಹಾಸ್ಟೆಲ್ ರೂಮಿನಲ್ಲಿ ಒಂದು ಮಂಚ, ಒಂದು ಮೇಜು ಮತ್ತು ಒಬ್ಬ ಮಗಳು ಹಿಡಿಸುತ್ತಾರೆ, ಅಷ್ಟೇ. ಹೋಟೆಲಿನ ಬಾಡಿಗೆ ಕೇಳಿ ನನ್ನ ಹೆಂಡತಿ "ಒಂದು ರಾತ್ರಿಗಾ, ಒಂದು ತಿಂಗಳಿಗಾ?" ಎಂದಿದ್ದಳು. ಪೆನ್ಷನ್ ಅದರ ಅರ್ಧಕ್ಕಿಂತ ಕಡಿಮೆ. "ಮನೆ ಥರಾನೇ ಇರುತ್ತೆ ಅಪ್ಪ" ಎಂದಳು ಮಗಳು.

ಅದು ಸುಳ್ಳಲ್ಲ. ಮನೆ ಥರಾನೇ ಇತ್ತು. ಯಾರ ಮನೆ ಥರ ಎಂದು ನಾವು ಕೇಳಿರಲಿಲ್ಲ.

ಜೂನ್ ತಿಂಗಳ ಒಂದು ರಾತ್ರಿ ಹತ್ತು ಗಂಟೆ ದಾಟಿದ ಮೇಲೆ ಶಾರ್ಲೊಟೆನ್‌ಬುರ್ಗ್ ಎಂಬ ಬಡಾವಣೆಯಲ್ಲಿ ರೈಲು ಇಳಿದೆವು. ಸ್ಟೇಷನ್ನಿನ ಹೆಸರು ಸಾವಿನ್ಯಿಪ್ಲಾಟ್ಸ್. ಹೆಂಡತಿ ಮೆಟ್ಟಿಲಲ್ಲೇ ನಿಂತಳು. "ರೀ, ಇದೇನು ಸಾವಿನ ಪ್ಲಾಟು? ಬೇರೆ ಜಾಗ ಸಿಗಲಿಲ್ವಾ ಇವಳಿಗೆ?" ಅದು ಸಾವಿನ್ಯಿ ಎಂಬ ದೊಡ್ಡ ಕಾನೂನು ಪಂಡಿತರ ಹೆಸರು, ಪ್ಲಾಟ್ಸ್ ಅಂದರೆ ಚೌಕ ಎಂದು ಮಗಳು ವಿವರಿಸಿದಳು. ಹೆಂಡತಿಗೆ ಸಮಾಧಾನವಾಗಲಿಲ್ಲ. ವಕೀಲರ ಹೆಸರು ಕೇಳಿದರೆ ನಮ್ಮ ಸಾಗರದ ಕಡೆ ಯಾರಿಗೂ ಸಮಾಧಾನ ಆಗುವುದಿಲ್ಲ.

ನೂರು ವರ್ಷ ದಾಟಿದ ಕಟ್ಟಡ. ನಮ್ಮ ಪೆನ್ಷನ್ ಇದ್ದದ್ದು ಮೂರನೇ ಮಹಡಿಯಲ್ಲಿ. ಉಳಿದ ಮಹಡಿಗಳಲ್ಲೆಲ್ಲ ಸಂಸಾರಸ್ಥರು. ಲಿಫ್ಟ್ ಇಲ್ಲ. ಮಗಳು ಸಣ್ಣ ಬ್ಯಾಗು ಹಿಡಿದು ಅಮ್ಮನ ಜತೆ ಮುಂದೆ ಹೋದಳು. ಇಪ್ಪತ್ಮೂರು ಕೆ.ಜಿ.ಯ ಸೂಟ್‌ಕೇಸ್ ಹೊತ್ತು ನಾನು ಹಿಂದೆ. ಎರಡನೇ ಮಹಡಿ ತಲುಪುವಷ್ಟರಲ್ಲಿ ದೀಪ ಪಟ್ ಎಂದು ಆರಿತು. ಕರೆಂಟ್ ಹೋಯಿತು ಎಂದುಕೊಂಡು ಒಂದು ಕ್ಷಣ ಊರಿನ ನೆನಪಾಗಿ ಹಿತವೂ ಆಯಿತು. ಆದರೆ ಕರೆಂಟ್ ಹೋಗಿರಲಿಲ್ಲ. ಆ ಊರಿನಲ್ಲಿ ಮೆಟ್ಟಿಲಿನ ದೀಪ ಒಂದೆರಡು ನಿಮಿಷ ಉರಿದು ತಾನೇ ಆರುತ್ತದೆ, ವಿದ್ಯುತ್ ಉಳಿಯಲಿ ಅಂತ. ನನ್ನ ವಯಸ್ಸಿನವರ ವೇಗವನ್ನು ಲೆಕ್ಕಕ್ಕೆ ತಗೊಂಡಿಲ್ಲ. ಮತ್ತೆ ಬೇಕಾದರೆ ಗೋಡೆಯಲ್ಲಿ ಮಿನುಗುವ ಗುಂಡಿ ಒತ್ತಬೇಕು. "ಅಪ್ಪ, ಗುಂಡಿ ಒತ್ತಿ" ಎಂದು ಮೇಲಿನಿಂದ ಮಗಳ ಪಿಸುಮಾತು ಕೇಳಿಸಿತು. ಕತ್ತಲೆಯಲ್ಲಿ ಎರಡು ಗುಂಡಿ ಮಿನುಗುತ್ತಿದ್ದವು. ಹತ್ತಿರದ್ದನ್ನು ಒತ್ತಿದೆ.

ಒಳಗೆಲ್ಲೋ ಗಂಟೆ ಬಾರಿಸಿತು. ದೀಪ ಬರಲಿಲ್ಲವಲ್ಲ ಎಂದು ಮತ್ತೆ ಒತ್ತಿದೆ. ಮೂರನೇ ಸಲ ಒತ್ತಿದಾಗ ಬಾಗಿಲು ತೆರೆದು ಬನಿಯನ್ನು ಚಡ್ಡಿಯಲ್ಲಿದ್ದ ಆರಡಿ ಮನುಷ್ಯನೊಬ್ಬ ಹೊರಬಂದ. ನನ್ನನ್ನು ನೋಡಿದ, ಸೂಟ್‌ಕೇಸ್ ನೋಡಿದ. ತನ್ನ ಮನೆಗೇ ಉಳಿಯಲು ಬಂದಿದ್ದೇನೆ ಎಂದುಕೊಂಡನೋ ಏನೋ, ಮುಖ ಬಿಳಿಚಿಕೊಂಡಿತು. ಬಿಳಿಚಿಕೊಳ್ಳಲು ಹೆಚ್ಚೇನೂ ಉಳಿದಿರಲಿಲ್ಲ ಅನ್ನಿ. ನಾನು ಕೈ ಮುಗಿದೆ. ಅವನು ಕೈ ಚಾಚಿ ಇನ್ನೊಂದು ಗುಂಡಿ ಒತ್ತಿ, ದೀಪ ಹತ್ತಿಸಿ, ಬಾಗಿಲು ಹಾಕಿಕೊಂಡ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಅಲ್ಲಿ ಸದ್ದು ಮಾಡಬಾರದು, ಅದು ಕಾನೂನು. ಬರ್ಲಿನ್‌ಗೆ ಬಂದ ಒಂದು ಗಂಟೆಯೊಳಗೆ ಒಂದು ಕಾನೂನು ಮುರಿದಾಗಿತ್ತು.

ಮೇಲೆ ಯಜಮಾನಿ ನಿಂತಿದ್ದರು. ಎಪ್ಪತ್ತೈದು ದಾಟಿರಬೇಕು. ಬಿಳಿ ಕೂದಲು, ನೆಟ್ಟಗಿನ ಬೆನ್ನು, ಕಾಲ ಬಳಿ ಉದ್ದ ಮೈ, ಗಿಡ್ಡ ಕಾಲಿನ ನಾಯಿ. ಅವರ ಹಿಂದೆ ಐವತ್ತರ ಮಗ. ಅವನೇ ಲೆಕ್ಕ ಬರೆಯುವವನು, ಅವನೇ ನಲ್ಲಿ ರಿಪೇರಿ. ಬಾಗಿಲ ಸಂದಿಯಲ್ಲಿ ಹತ್ತು ವರ್ಷದ ಮೊಮ್ಮಗ. ಯಜಮಾನಿ ಕೈಕುಲುಕಿ, ಕೀಲಿ ಗೊಂಚಲು ಕೊಟ್ಟು, ಹತ್ತೊಂಬತ್ತು ನಿಯಮಗಳ ಒಂದು ಹಾಳೆ ಕೊಟ್ಟು "ಜೋ" ಎಂದರು.

ಜರ್ಮನ್ನರ 'ಜೋ' ಸರ್ವಾಂತರ್ಯಾಮಿ. ಸರಿ, ಆಯ್ತು, ಹಾಗೋ, ಮುಗೀತು, ಇನ್ನು ಹೊರಡಿ, ಎಲ್ಲಕ್ಕೂ ಜೋ. ನಮ್ಮಲ್ಲಿ ಜೋ ಜೋ ಎಂದರೆ ಮಗು ಮಲಗುತ್ತದೆ. ಈಕೆ ಒಂದೇ ಜೋ ಅಂದರೆ ಅರವತ್ತಾರರ ಗಂಡಸಿನ ನಿದ್ದೆ ಹಾರಿಹೋಗುತ್ತಿತ್ತು.

ಹಾಳೆ ಓದಿದೆ. ಸ್ನಾನ ಮಾಡಿದವರು ಗಾಜಿನ ನೀರನ್ನು ರಬ್ಬರ್ ಪಟ್ಟಿಯಿಂದ ಎಳೆದು ಒರೆಸಬೇಕು. ಅಡುಗೆಮನೆಗೆ ಅತಿಥಿಗಳು ಕಾಲಿಡಬಾರದು. ಕಸವನ್ನು ಪೇಪರು, ಪ್ಲಾಸ್ಟಿಕ್ಕು, ತರಕಾರಿ ಸಿಪ್ಪೆ, ಉಳಿದದ್ದು ಎಂದು ಬೇರೆ ಮಾಡಬೇಕು. ಗಾಜಿನ ಬಾಟಲಿಯಾದರೆ ಅದರ ಬಣ್ಣವನ್ನೂ ನೋಡಬೇಕು. ನಾನು ಗೊಣಗತೊಡಗಿದೆ. ಹೆಂಡತಿ ಹಾಳೆಯನ್ನು ಮಡಿಸಿಟ್ಟು ತಣ್ಣಗೆ ಹೇಳಿದಳು: "ನಂಗೇನೂ ಹೊಸದಲ್ಲ ಬಿಡಿ. ನಿಮ್ಮಮ್ಮ ಹಾಳೆಯಲ್ಲಿ ಬರೆದು ಕೊಟ್ಟಿರಲಿಲ್ಲ, ಅಷ್ಟೇ ವ್ಯತ್ಯಾಸ."

ಅಂದಿನಿಂದ ನಮ್ಮ ನಮ್ಮಲ್ಲಿ ಯಜಮಾನಿಯ ಹೆಸರು 'ಅತ್ತೆ' ಎಂದಾಯಿತು.

ಕೋಣೆ ಚೆನ್ನಾಗಿತ್ತು. ಸೂರು ಎಷ್ಟು ಎತ್ತರವೆಂದರೆ ಅಟ್ಟ ಕಟ್ಟಿ ವರ್ಷದ ಅಡಿಕೆ ಇಡಬಹುದಿತ್ತು. ಜೋಡಿ ಮಂಚಕ್ಕೆ ಎರಡು ಬೇರೆ ಬೇರೆ ಹೊದಿಕೆ. ಮೂವತ್ತೈದು ವರ್ಷದ ಸಂಸಾರದಲ್ಲಿ ಮೊದಲ ಬಾರಿಗೆ ರಾತ್ರಿ ಯಾರೂ ಹೊದಿಕೆ ಎಳೆಯಲಿಲ್ಲ. ತಲೆದಿಂಬು ಮಾತ್ರ ಚೌಕಾಕಾರ, ಎಂಬತ್ತು ಸೆಂಟಿಮೀಟರ್ ಉದ್ದ, ಅಷ್ಟೇ ಅಗಲ, ಒಳಗೆ ಬರೀ ಗಾಳಿ. ತಲೆ ಇಟ್ಟರೆ ನಡುವೆ ಇಳಿದು ಎರಡೂ ಬದಿ ಆನೆ ಕಿವಿಯ ಹಾಗೆ ಎದ್ದು ನಿಲ್ಲುತ್ತಿತ್ತು.

ಬೆಳಿಗ್ಗೆ ಹೆಂಡತಿ ಓಣಿಯ ಕೊನೆಯ ಬಚ್ಚಲಿಗೆ ಹೋದಾಗ ನಾನು ಕಿಟಕಿ ತೆಗೆಯಲು ಹೋದೆ. ಅಲ್ಲಿನ ಕಿಟಕಿಯ ಹಿಡಿಕೆ ಕೆಳಗಿದ್ದರೆ ಮುಚ್ಚಿದೆ ಎಂದರ್ಥ. ಅಡ್ಡ ತಿರುಗಿಸಿದರೆ ಬಾಗಿಲಿನಂತೆ ತೆರೆಯುತ್ತದೆ. ಮುಚ್ಚಿಟ್ಟು ಮೇಲಕ್ಕೆ ತಿರುಗಿಸಿದರೆ ತಲೆ ಮಾತ್ರ ಒಳಕ್ಕೆ ಬಾಗಿ ಗಾಳಿ ಬಿಡುತ್ತದೆ. ಇದೆಲ್ಲ ಈಗ ಗೊತ್ತು. ಆಗ ನಾನು ಕಿಟಕಿ ತೆರೆದಿದ್ದಾಗಲೇ ಹಿಡಿಕೆಯನ್ನು ಮೇಲೆ ತಿರುಗಿಸಿದೆ. ಮೇಲಿನ ಕೀಲು ಬಿಟ್ಟುಕೊಂಡಿತು. ಇಡೀ ಕಿಟಕಿ ಕೆಳಗಿನ ಒಂದೇ ಮೂಲೆಯಲ್ಲಿ ನೇತಾಡುತ್ತ ನನ್ನ ಎದೆ ಮೇಲೆ ಒರಗಿತು.

ಎರಡು ಪದರದ ಗಾಜು. ಬಿಟ್ಟರೆ ಬೀಳುತ್ತದೆ. ಕೂಗೋಣವೆಂದರೆ ಆರು ಗಂಟೆ ಆಗಿದೆಯೋ ಇಲ್ಲವೋ, ಗಡಿಯಾರ ಹಿಂದಿದೆ. ಗೋವರ್ಧನ ಎತ್ತಿದ ಕೃಷ್ಣನಂತೆ ನಿಂತೆ, ಆದರೆ ಲುಂಗಿಯಲ್ಲಿ. ಎದುರು ಮನೆಯ ಕಿಟಕಿಯಲ್ಲಿ ಒಬ್ಬಾಕೆ ಕಾಫಿ ಕುಡಿಯುತ್ತ ನನ್ನನ್ನೇ ನೋಡುತ್ತಿದ್ದರು. ಹೆಂಡತಿ ಬಚ್ಚಲಿನಿಂದ ಬಂದವಳು ನನ್ನನ್ನು ಕಂಡು ಸೀದಾ ಹೋಗಿ ಅತ್ತೆಯನ್ನೇ ಕರೆತಂದಳು. ಅವರು ಒಂದು ಕೈಯಲ್ಲಿ ಕಿಟಕಿಯನ್ನು ಚೌಕಟ್ಟಿಗೆ ಒತ್ತಿ, ಇನ್ನೊಂದು ಕೈಯಲ್ಲಿ ಹಿಡಿಕೆ ತಿರುಗಿಸಿದರು. ಕಟಕ್. "ಜೋ." ಆಮೇಲೆ ನನ್ನ ಲುಂಗಿ ನೋಡಿದರು. ಆ ವಿಷಯದಲ್ಲಿ ನಿಯಮ ಇರಲಿಲ್ಲ. ಇಪ್ಪತ್ತನೆಯದು ಸೇರಿಸುವ ಯೋಚನೆ ಮುಖದಲ್ಲಿತ್ತು.

ತಿಂಡಿಯ ಸಮಯವನ್ನು ಅತ್ತೆ "ಹಾಲ್ಪ್ ನೊಯ್ನ್" ಎಂದಿದ್ದರು. ಹಾಲ್ಪ್ ಅಂದರೆ ಅರ್ಧ, ನೊಯ್ನ್ ಅಂದರೆ ಒಂಬತ್ತು, ಅಷ್ಟು ಜರ್ಮನ್ ನಾನು ಮೊಬೈಲಿನಲ್ಲಿ ಕಲಿತಿದ್ದೆ. ಒಂಬತ್ತೂವರೆಗೆ ಗತ್ತಿನಿಂದ ಹೋದರೆ ಮೇಜು ಒರೆಸಿಯಾಗಿತ್ತು. ಅವರ ಲೆಕ್ಕದಲ್ಲಿ ಅದು ಒಂಬತ್ತಕ್ಕೆ ಅರ್ಧ ಬಾಕಿ, ಅಂದರೆ ಎಂಟೂವರೆ. ಮರುದಿನ ಎಂಟಕ್ಕೇ ಹೋಗಿ ಕೂತೆ. ಬನ್ನು, ಚೀಸು, ಗಟ್ಟಿ ಮೊಸರಿನಂಥ ಕ್ವಾರ್ಕ್. ಬೇಯಿಸಿದ ಮೊಟ್ಟೆಗಳ ತಲೆಗೆ ಉಲ್ಲನ್ನಿನ ಕುಲಾವಿ! ಬಿಸಿ ಆರದಿರಲಿ ಅಂತ. ಎಳೆಗೂಸುಗಳ ಹಾಗೆ ಸಾಲಾಗಿ ಕೂತಿದ್ದವು, ಒಡೆಯಲು ಮನಸ್ಸು ಬರಲಿಲ್ಲ. ಪಕ್ಕದಲ್ಲಿ 'ಟೀವುರ್ಸ್ಟ್' ಎಂದು ಬರೆದ ಗುಲಾಬಿ ಬಣ್ಣದ ಚಟ್ನಿಯಂಥದ್ದು. ಟೀ ಜತೆ ತಿನ್ನುವುದಿರಬೇಕು ಎಂದು ಬನ್ನಿಗೆ ಸವರಿ ಬಾಯಿ ತೆರೆದಿದ್ದೆ. ಹೆಂಡತಿ ಮೇಜಿನ ಕೆಳಗಿನಿಂದ ಒದ್ದಳು. ವುರ್ಸ್ಟ್ ಎಂದು ಎಲ್ಲೇ ಕಂಡರೂ ಅದು ಮಾಂಸ, ಮುಟ್ಟಬೇಡಿ ಎಂದು ಮಗಳು ಏರ್‌ಪೋರ್ಟಿನಲ್ಲೇ ಹೇಳಿದ್ದಳಂತೆ. ನಾನು ಆಗ ಟ್ರಾಲಿ ಹುಡುಕುತ್ತಿದ್ದೆ.

ಇನ್ನು ಹೇಳಬಾರದ ವಿಷಯ ಹೇಳುತ್ತೇನೆ. ಪಾಯಿಖಾನೆಯಲ್ಲಿ ಕಾಗದ ಮಾತ್ರ. ನಮ್ಮ ಜನಕ್ಕೆ ಅದು ಆಗಿಬರುವುದಿಲ್ಲ. ಒಂದೂವರೆ ಲೀಟರಿನ ಖಾಲಿ ನೀರಿನ ಬಾಟಲಿಯನ್ನೇ ಚೊಂಬು ಮಾಡಿಕೊಂಡು ಕಮೋಡಿನ ಹಿಂದೆ ಮರೆಯಾಗಿ ಇಟ್ಟೆ. ಸಂಜೆ ನೋಡಿದರೆ ಇಲ್ಲ. ಇನ್ನೊಂದು ಇಟ್ಟೆ. ಅದೂ ಮಾಯ. ಮೂರನೆಯದೂ ಹೋಯಿತು. ನಾಲ್ಕನೇ ದಿನ ತಿಂಡಿ ತಟ್ಟೆಯ ಪಕ್ಕ ಮುಕ್ಕಾಲು ಯೂರೋ ಚಿಲ್ಲರೆ ಎಣಿಸಿಟ್ಟಿತ್ತು. ವಿಷಯ ಇಷ್ಟು: ಅಲ್ಲಿ ಇಂಥ ಬಾಟಲಿಗೆ 25 ಸೆಂಟ್ ಠೇವಣಿ ಮುರಿದುಕೊಳ್ಳುತ್ತಾರೆ, ಅಂಗಡಿಯ ಯಂತ್ರಕ್ಕೆ ವಾಪಸ್ ಹಾಕಿದರೆ ದುಡ್ಡು ಬರುತ್ತದೆ. ಮನೆಯ ಖಾಲಿ ಬಾಟಲಿಗಳೆಲ್ಲ ಮೊಮ್ಮಗನ ಕೈಖರ್ಚಿಗೆ. ಅತಿಥಿಗಳ ಬಾಟಲಿ ಎತ್ತಿದ್ದು ತಿಳಿದು ಅಜ್ಜಿ ಅವನಿಂದ ದುಡ್ಡು ಕಕ್ಕಿಸಿದ್ದರು. ಹುಡುಗ ತಲೆ ತಗ್ಗಿಸಿ ಕ್ಷಮೆ ಬೇರೆ ಕೇಳಿದ. ಆ ಬಾಟಲಿಗಳು ಯಾಕೆ ಬೇಕಿತ್ತು ಎಂದು ನಾನು ಯಾವ ಬಾಯಲ್ಲಿ ಹೇಳಲಿ? ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕಿಟಕಿಯ ಕಡೆ ತಿರುಗಿದಳು. ದುಡ್ಡನ್ನು ಹುಡುಗನಿಗೇ ಕೊಟ್ಟೆ.

ಭಾನುವಾರ ಆ ದೇಶದಲ್ಲಿ ಅಂಗಡಿಗಳೆಲ್ಲ ಬಂದ್. ದೊಡ್ಡ ರೈಲ್ವೇ ಸ್ಟೇಷನ್ನಿಗೆ ಹೋದರೆ ಏನಾದರೂ ಸಿಗುತ್ತದೆ. ಅಷ್ಟು ದೂರ ಯಾರು ಹೋಗುತ್ತಾರೆ ಎಂದು ಕೋಣೆಯಲ್ಲೇ ಕೆಟಲಿನ ಬಿಸಿನೀರು ಸುರಿದು ರೆಡಿಮೇಡ್ ಉಪ್ಪಿಟ್ಟು ಮಾಡುವುದೆಂದಾಯಿತು. ಸೂಟ್‌ಕೇಸ್ ತೆಗೆದಾಗ ಇಂಗಿನ ಡಬ್ಬಿಯ ಮುಚ್ಚಳ ಸಡಿಲವಾಗಿದ್ದು ಕಂಡಿತು. ನಮಗದು ಪರಿಮಳ. ಚಟ್ನಿಪುಡಿ ಬೆರೆಸಿ ಅರ್ಧ ತಿಂದಿದ್ದೆವು. ಓಣಿಯಲ್ಲಿ ದಡಬಡ ಶುರುವಾಯಿತು. "ಗಾಸ್! ಗಾಸ್!"

ಬಚ್ಚಲಿನ ಗೋಡೆಗೆ ಗ್ಯಾಸ್ ಬಾಯ್ಲರ್ ಇತ್ತು. ಗ್ಯಾಸಿಗೆ ತನ್ನದೇ ವಾಸನೆ ಇರುವುದಿಲ್ಲ. ಸೋರಿದರೆ ತಿಳಿಯಲಿ ಎಂದು ಸಾಮಾನ್ಯವಾಗಿ ಗಂಧಕದ ನಾತ ಬೆರೆಸುತ್ತಾರೆ. ಇಂಗಿನ ಘಾಟಿಗೂ ಕಾರಣ ಗಂಧಕವೇ. ಅತ್ತೆಯ ಮೂಗಿನದು ಏನೂ ತಪ್ಪಿಲ್ಲ. ಮಗ ಸ್ಪ್ಯಾನರ್ ಹಿಡಿದು ಬಾಯ್ಲರ್ ಕಡೆ ಓಡಿದ. ಮೊಮ್ಮಗ ಕಿಟಕಿಗಳನ್ನೆಲ್ಲ ತೆರೆದ, ಅದೂ ಸರಿಯಾಗಿ. ನಾಯಿ ಮಾತ್ರ ಸೀದಾ ನಮ್ಮ ಬಾಗಿಲಿಗೆ ಬಂದು ಬೊಗಳಿತು. ನಾನು ಕೈಯಲ್ಲಿ ಚಮಚ ಹಿಡಿದು ಅಕ್ಷರಶಃ ಇಂಗು ತಿಂದ ಮಂಗನ ಹಾಗೆ ನಿಂತಿದ್ದೆ.

ಹೆಂಡತಿಯೇ ಡಬ್ಬಿ ತಗೊಂಡು ಹೋಗಿ ಅತ್ತೆಯ ಮೂಗಿಗೆ ಹಿಡಿದಳು. ಅವರು ಎರಡು ಹೆಜ್ಜೆ ಹಿಂದೆ ಸರಿದು "ಟೊಯ್ಫೆಲ್ಸ್‌ಡ್ರೆಕ್!" ಎಂದರು. ಬೈದರೇನೋ ಎಂದು ಮಗಳಿಗೆ ಫೋನ್ ಮಾಡಿದೆವು. ಬೈಗುಳವಲ್ಲ, ಇಂಗಿಗೆ ಜರ್ಮನ್ನಿನಲ್ಲಿ ಆ ಹೆಸರೂ ಇದೆಯಂತೆ. ಅರ್ಥ ಕೇಳಿದಾಗ ಮಗಳು ಸ್ವಲ್ಪ ತಡೆದು "ದೆವ್ವದ ಲದ್ದಿ" ಎಂದಳು. ಹೆಂಡತಿ ಆ ಸಂಜೆಯೆಲ್ಲ ಮಾತಾಡಲಿಲ್ಲ. ಸಾವಿನ ಪ್ಲಾಟು ಸಹಿಸಿದ್ದಳು. ಇಂಗಿನ ಅವಮಾನ ಅವಳಿಂದ ಆಗಲಿಲ್ಲ.

ಮರುದಿನ ಏನಾಯಿತೋ, ನಾನು ಸ್ನಾನ ಮುಗಿಸಿ, ಗಾಜು ಒರೆಸಿ ಬರುವಷ್ಟರಲ್ಲಿ ಅವಳು ಅಡುಗೆಮನೆಯೊಳಗೆ ಅತ್ತೆಯ ಎದುರು ಕೂತು ಬಿಳಿ ಶ್ಪಾರ್ಗೆಲ್ ಸಿಪ್ಪೆ ಹೆರೆಯುತ್ತಿದ್ದಳು. ಅದು ಅವರ ವಸಂತಕಾಲದ ತರಕಾರಿ, ಇಂಗ್ಲಿಷಿನಲ್ಲಿ ಆಸ್ಪರಾಗಸ್ ಅನ್ನುತ್ತಾರಲ್ಲ, ಅದು. ಜೂನ್ 24 ಕಳೆದರೆ ಕೀಳುವುದನ್ನು ನಿಲ್ಲಿಸುತ್ತಾರೆ, ಆದ್ದರಿಂದ ಅಲ್ಲಿಯವರೆಗೆ ಊರೆಲ್ಲ ಅದನ್ನೇ ತಿನ್ನುತ್ತದೆ. ಇವಳು ಕನ್ನಡದಲ್ಲಿ ಹೇಳುತ್ತಿದ್ದಳು, ಅವರು ಜರ್ಮನ್ನಿನಲ್ಲಿ ತಲೆದೂಗುತ್ತಿದ್ದರು. ನಾನು ಹೊಸ್ತಿಲ ಮೇಲೆ ಕಾಲಿಟ್ಟೆ. ಅತ್ತೆ ಚಾಕು ಎತ್ತಿ ಗೋಡೆಯ ನಿಯಮಗಳ ಹಾಳೆ ತೋರಿಸಿದರು. ಹೆಂಡತಿಯೂ ತೋರಿಸಿದಳು.

ಹೊರಡುವ ದಿನ ನಮ್ಮ ವಿಮಾನ ಬೆಳಿಗ್ಗೆ ಬೇಗ. ನಾಲ್ಕಕ್ಕೇ ಎದ್ದು, ಗೊಂಚಲಿನ ಕೀಲಿಗಳನ್ನು ಎರಡೆರಡು ಸಲ ಎಣಿಸಿ ಕೊಟ್ಟೆ. ಅತ್ತೆ ನೈಟಿಯ ಮೇಲೆ ಸ್ವೆಟರ್ ಹಾಕಿಕೊಂಡು ಬಾಗಿಲಿಗೆ ಬಂದಿದ್ದರು. ನನ್ನ ಕೈಕುಲುಕಿದರು. ಹೆಂಡತಿಯನ್ನು ತಬ್ಬಿಕೊಂಡು, ನನ್ನ ಕಡೆ ಒಮ್ಮೆ ನೋಡಿ, ಉದ್ದಕ್ಕೆ ಏನೋ ಹೇಳಿದರು. ಮಗಳು ಪಕ್ಕನೆ ನಕ್ಕಳು. ಒಂದಕ್ಷರ ಜರ್ಮನ್ ಬಾರದ ಹೆಂಡತಿಯೂ ಸರಿಯಾದ ಜಾಗದಲ್ಲೇ ನಕ್ಕಳು.

"ಏನಂದ್ರೇ ಅವರು?"

"ಏನಿಲ್ಲಪ್ಪ, ಸೂಟ್‌ಕೇಸ್ ಹಿಡ್ಕೊಳ್ಳಿ."

ಎರಡನೇ ಮಹಡಿಗೆ ಇಳಿಯುವಷ್ಟರಲ್ಲಿ ದೀಪ ಪಟ್ ಎಂದಿತು. ಕತ್ತಲೆಯಲ್ಲಿ ಎರಡು ಗುಂಡಿ ಮಿನುಗಿದವು. ನಾನು ಎರಡೂ ಕೈಯನ್ನು ಸೂಟ್‌ಕೇಸಿನ ಮೇಲೇ ಇಟ್ಟುಕೊಂಡು ಅಲ್ಲಾಡದೆ ನಿಂತೆ. ಹಿಂದಿನಿಂದ ಬಳೆ ಸದ್ದಾಯಿತು. ಹೆಂಡತಿ ಕೈ ಚಾಚಿ ಸರಿಯಾದ ಗುಂಡಿ ಒತ್ತಿದಳು.

"ಜೋ" ಎಂದಳು.