ಪೋರ್ಟಿಕೊದಲ್ಲಿ ಎಷ್ಟು ಕಾರು ನಿಲ್ಲುತ್ತವೆ?

ಕಳೆದ ತಿಂಗಳು ಮನೆಗೆ ಒಂದು ಸರ್ಕಾರಿ ಲಕೋಟೆ ಬಂತು. ಬೆಂಗಳೂರಿನಲ್ಲಿ ಹೊಸದಾಗಿ ಏಳಲಿರುವ ಕಚೇರಿ ಕಟ್ಟಡವೊಂದರ ವಿನ್ಯಾಸ ಪರಿಶೀಲನಾ ಸಭೆಗೆ ನಾನು 'ಸಾರ್ವಜನಿಕರ ಪ್ರತಿನಿಧಿ'ಯಾಗಿ ಹಾಜರಾಗಬೇಕೆಂದು ಅದರಲ್ಲಿತ್ತು. ಇಲಾಖೆಯ ಹೆಸರು ಬೇಡ. ಯಾವ ಹೆಸರು ಹಾಕಿಕೊಂಡು ಓದಿದರೂ ಕಥೆ ಕೆಡುವುದಿಲ್ಲ. ನನ್ನನ್ನು ಆರಿಸಿದ ಸಾರ್ವಜನಿಕರು ಯಾರೆಂದು ಇನ್ನೂ ತಿಳಿದಿಲ್ಲ. ಹೆಂಡತಿ ಮಾತ್ರ, "ಹೋಗಿ ಬನ್ನಿ, ಬೋಂಡಾ ಕೊಡುತ್ತಾರೆ" ಎಂದಳು. 28 ವರ್ಷ ಸರ್ಕಾರಿ ನೌಕರಿ ಮಾಡಿದವಳು. ಇಂಥ ವಿಷಯದಲ್ಲಿ ಅವಳ ಮಾತು ಸುಳ್ಳಾದದ್ದಿಲ್ಲ.

ಹನ್ನೊಂದಕ್ಕೆ ಕರೆದ ಸಭೆ ಹನ್ನೆರಡೂವರೆಗೆ ಶುರುವಾಯಿತು. ಗೋಡೆಯ ಮೇಲೆ ಕಟ್ಟಡದ ತ್ರೀಡಿ ಚಿತ್ರ ಮೂಡಿತು. ಆಹಾ, ಎಂಥ ಬೆಂಗಳೂರು! ತಂತಿಗಳಿಲ್ಲ, ಟ್ರಾನ್ಸ್‌ಫಾರ್ಮರ್ ಇಲ್ಲ, ಅರ್ಧ ಅಗೆದ ಚರಂಡಿಯಿಲ್ಲ. ಪಾದಚಾರಿ ಮಾರ್ಗದಲ್ಲಿ ಕೋಟು ತೊಟ್ಟ ಬಿಳಿಯ ಗಂಡಸೊಬ್ಬ, ಹೊಂಬಣ್ಣದ ಕೂದಲಿನ ಹೆಂಗಸೊಬ್ಬಳು, ಅವರ ನಡುವೆ ಬಲೂನು ಹಿಡಿದ ಮಗು. ಇ-ಖಾತೆಯಲ್ಲಿ ತಪ್ಪಾದ ಹೆಸರು ತಿದ್ದಿಸಲು ಬಂದ ಸಂಸಾರವಿರಬೇಕು. ಆ ಕೆಲಸಕ್ಕೆ ಬಂದವರ ಮುಖದಲ್ಲಿ ಅಷ್ಟು ನಗುವನ್ನು ನಾನು ಬೇರೆಲ್ಲೂ ಕಂಡಿಲ್ಲ. ಚಿತ್ರದಲ್ಲಿ ಜೆರಾಕ್ಸ್ ಅಂಗಡಿಯೂ ಇರಲಿಲ್ಲ. ನಮ್ಮಲ್ಲಿ ಯಾವುದೇ ಸರ್ಕಾರಿ ಕಚೇರಿಯ ನಿಜವಾದ ಮುಂಬಾಗಿಲು ಜೆರಾಕ್ಸ್ ಅಂಗಡಿಯೇ. ಅರ್ಜಿ ನಮೂನೆ, ಛಾಪಾ ಕಾಗದ, ಗೋಂದು, ಯಾವ ಮೇಜಿಗೆ ಹೋಗಬೇಕು ಎಂಬ ಜ್ಞಾನ, ಎಲ್ಲವೂ ಸಿಗುವುದು ಅಲ್ಲಿ. ಅದನ್ನು ಬರೆದ ನಕ್ಷೆಯನ್ನು ಮಾತ್ರ ಈವರೆಗೆ ಯಾರೂ ತಂದಿಲ್ಲ.

ಅಧ್ಯಕ್ಷರು ಕನ್ನಡಕ ಸರಿಪಡಿಸಿಕೊಂಡು ಮೊದಲ ಪ್ರಶ್ನೆ ಕೇಳಿದರು.

"ಪೋರ್ಟಿಕೊದಲ್ಲಿ ಎಷ್ಟು ಕಾರು ನಿಲ್ಲುತ್ತವೆ?"

"ಎರಡು ಸಾರ್" ಎಂದಳು ನಕ್ಷೆ ತಂದಿದ್ದ ಯುವ ವಾಸ್ತುಶಿಲ್ಪಿ.

ಸಭೆಯಲ್ಲಿ ಸಾವಿನ ಮನೆಯ ಮೌನ. "ಎರಡೇ? ಮಂತ್ರಿಗಳದ್ದೊಂದು, ಬೆಂಗಾವಲಿನದ್ದೊಂದು. ಹಾಗಾದರೆ ಶಾಸಕರು ಮಳೆಯಲ್ಲಿ ಇಳಿಯಬೇಕೇನು?" ಅಲ್ಲಿಗೆ ಪೋರ್ಟಿಕೊ ನಾಲ್ಕು ಕಾರಿಗೆ ಬೆಳೆಯಿತು. ಜಾಗ ಆಕಾಶದಿಂದ ಬರುವುದಿಲ್ಲವಲ್ಲ, ಸಾರ್ವಜನಿಕರು ಕಾಯುವ ಹಜಾರದಿಂದ ಬಂತು. ಎಲ್ಲರೂ ಒಮ್ಮೆ ನನ್ನತ್ತ ನೋಡಿದರು. ನಾನು ಬೋಂಡಾದ ತಟ್ಟೆಯತ್ತ ನೋಡುತ್ತಿದ್ದೆ.

ಎರಡನೆಯ ಪ್ರಶ್ನೆ ಹಿರಿಯ ಎಂಜಿನಿಯರರದು. "ಅದೆಲ್ಲ ಇರಲಿ ಮೇಡಂ, ಗುಮ್ಮಟ ಎಲ್ಲಿ?"

ಗುಮ್ಮಟ ಕೇಳಿದ್ದಕ್ಕೆ ಅವರನ್ನು ದೂರುವಂತಿಲ್ಲ. ಅದು ಎಪ್ಪತ್ತು ವರ್ಷದ ರೂಢಿ. 1951ರಲ್ಲಿ ನೆಹರೂ ಅವರು ವಿಧಾನಸೌಧಕ್ಕೆ ಅಡಿಗಲ್ಲು ಹಾಕಿದಾಗ ಕೈಯಲ್ಲಿದ್ದದ್ದು ಬೇರೆಯದೇ, ಸಾಧಾರಣವಾದೊಂದು ನಕ್ಷೆ. ಆಮೇಲೆ ಮುಖ್ಯಮಂತ್ರಿಯಾದ ಕೆಂಗಲ್ ಹನುಮಂತಯ್ಯನವರು ರಷ್ಯಾದಿಂದ ಬಂದ ನಿಯೋಗಕ್ಕೆ ಊರು ತೋರಿಸುತ್ತಿದ್ದಾಗ ಅವರು, ಇಲ್ಲಿರುವುದೆಲ್ಲ ಯುರೋಪಿನ ಕಟ್ಟಡಗಳೇ ಆದವಲ್ಲ, ನಿಮ್ಮದೇ ಆದ ಶಿಲ್ಪ ಇಲ್ಲವೇ ಎಂದು ಕೇಳಿದರಂತೆ. ಆ ಮಾತು ನಾಟಿತು. ಹಳೆಯ ನಕ್ಷೆ ಮೂಲೆಗೆ ಸರಿಯಿತು. 700 ಅಡಿ ಉದ್ದ, 350 ಅಡಿ ಅಗಲದ ಕಲ್ಲಿನ ಸೌಧ ಎದ್ದಿತು, ನೆತ್ತಿಯ ಮೇಲೆ 60 ಅಡಿ ವ್ಯಾಸದ ಗುಮ್ಮಟ ಕೂತಿತು. ಖರ್ಚು 1.75 ಕೋಟಿಯನ್ನೂ ದಾಟಿ, ಅದರ ಬಗ್ಗೆ ವಿಚಾರಣೆಯೂ ನಡೆಯಿತು. ಕಟ್ಟಡ ಮುಗಿದ 1956ರಲ್ಲೇ ಹನುಮಂತಯ್ಯನವರು ಕುರ್ಚಿ ಕಳೆದುಕೊಂಡರು. ಹಟ, ಹೆಮ್ಮೆ, ದುಂದು ಏನು ಬೇಕಾದರೂ ಅನ್ನಿ. ಒಂದು ಸಾರ್ವಜನಿಕ ಕಟ್ಟಡ ಹೇಗಿರಬೇಕೆಂದು ಆ ಮನುಷ್ಯ ನಿದ್ದೆಗೆಟ್ಟು ಯೋಚಿಸಿದ್ದು ನಿಜ. ಅವರೊಬ್ಬರು ಒಮ್ಮೆ ತಲೆ ಕೆಡಿಸಿಕೊಂಡದ್ದರಿಂದ ಮಿಕ್ಕವರೆಲ್ಲ ಆ ಕಷ್ಟದಿಂದ ಶಾಶ್ವತವಾಗಿ ಪಾರಾದರು.

ಅಂದಿನಿಂದ ಜೆರಾಕ್ಸ್ ಯಂತ್ರ ನಿಂತಿಲ್ಲ. ಪಕ್ಕದಲ್ಲೇ 2005ರಲ್ಲಿ ವಿಕಾಸಸೌಧ ಎದ್ದಿತು, ಅದೇ ಅಳತೆಯ ಗಾಂಭೀರ್ಯ ತರಲು ಹೊರಟು. ತಾಲ್ಲೂಕು ತಾಲ್ಲೂಕಿಗೂ ಮಿನಿ ವಿಧಾನಸೌಧಗಳು ಬಂದವು. ಹೋಟೆಲಿನಲ್ಲಿ ಮಿನಿ ಊಟ ಎಂದರೆ ಹಪ್ಪಳ, ಪಾಯಸ ಇರುವುದಿಲ್ಲ ಎಂದು ಅರ್ಥ. ಮಿನಿ ವಿಧಾನಸೌಧ ಎಂದರೆ ಕಲ್ಲು ಇರುವುದಿಲ್ಲ. ಇಟ್ಟಿಗೆ ಗೋಡೆಗೆ ಗಾರೆ ಮೆತ್ತಿ, ಗಾರೆಯ ಮೇಲೆ ಗೆರೆ ಎಳೆದು, ಗೆರೆಯ ನಡುವೆ ಕಲ್ಲಿನ ಬಣ್ಣ ಬಳಿದರೆ ದ್ರಾವಿಡ ಶೈಲಿ ಸಿದ್ಧ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಬಣ್ಣ ಎದ್ದು, ಒಳಗಿನ ಇಟ್ಟಿಗೆ ಇಣುಕಿ, ಕಟ್ಟಡಕ್ಕೆ ತಾನಾಗಿಯೇ ಪಾರಂಪರಿಕ ಕಳೆ ಬರುತ್ತದೆ. ಈಚೆಗೆ ಸರ್ಕಾರ ಇವಕ್ಕೆ 'ಪ್ರಜಾಸೌಧ' ಎಂದು ನಾಮಕರಣ ಮಾಡಿದೆ. ಪ್ರಜೆಯ ಹೆಸರು ಬೋರ್ಡಿಗೇರಿತು. ಪ್ರಜೆ ಇನ್ನೂ ಮೆಟ್ಟಿಲ ಮೇಲೆಯೇ ಕೂತಿದ್ದಾನೆ, ಒಳಗೆ ಬೆಂಚಿಲ್ಲ.

"ಗುಮ್ಮಟದ ಅಗತ್ಯ ಈ ಕಟ್ಟಡಕ್ಕಿಲ್ಲ ಸಾರ್, ಅದರ ಬದಲು ಒಳಾಂಗಣಕ್ಕೆ ಬೆಳಕು ಬರಲೆಂದು..." ಎಂದು ಆ ಹುಡುಗಿ ತೊದಲಿದಳು.

"ಬೆಳಕಿಗೆ ಟ್ಯೂಬ್‌ಲೈಟ್ ಇದೆಯಲ್ಲ?" ಎಂದರು ಎಂಜಿನಿಯರು. ಅಂದಾಜು ಪಟ್ಟಿಯಲ್ಲಿ ಟ್ಯೂಬ್‌ಲೈಟಿಗೆ ದರ ನಮೂದಾಗಿದೆ, ಸೂರ್ಯನ ಬೆಳಕಿಗಿಲ್ಲ.

ಇಂಥ ಸಭೆಗಳೇ ನಮ್ಮ ಪಾಲಿಗೆ ಉಳಿದದ್ದು ಹೇಗೆಂಬುದಕ್ಕೂ ಒಂದು ಕಥೆಯಿದೆ. ಸರ್ಕಾರಿ ಕಟ್ಟಡದ ರೂಪವನ್ನು ಬಲ್ಲವರು ಕೂತು ನೋಡಲೆಂದು ದೆಹಲಿಗೆ 1973ರಲ್ಲಿ ಸಂಸತ್ತು ಒಂದು ಕಾಯ್ದೆಯನ್ನೇ ಮಾಡಿ ನಗರ ಕಲಾ ಆಯೋಗವನ್ನು ಕೊಟ್ಟಿತು. ಬೆಂಗಳೂರಿಗೂ ಅಂಥದೊಂದು ನಗರ ಕಲಾ ಆಯೋಗ ಇತ್ತು. ಹಲ್ಲಿಲ್ಲದ ಆಯೋಗ, ಕಾಯ್ದೆಯ ಬಲವಿಲ್ಲ, ಹೇಳಿದ್ದನ್ನು ಕೇಳಲೇಬೇಕೆಂಬ ನಿಯಮವಿಲ್ಲ. ಆದರೂ ಅದು ನಕ್ಷೆಗಳನ್ನು ಬಿಡಿಸಿ ನೋಡುತ್ತಿತ್ತು, ಹಳೆಯ ಕಟ್ಟಡಗಳ ಪಟ್ಟಿ ಮಾಡುತ್ತಿತ್ತು, ಆಗಾಗ "ಇದು ಚೆನ್ನಾಗಿಲ್ಲ" ಎನ್ನುತ್ತಿತ್ತು. ಮನೆಯಲ್ಲಿ ಕೆಮ್ಮುವ ಅಜ್ಜನ ಹಾಗೆ. 2001ರಲ್ಲಿ ಅದನ್ನು ಬರಖಾಸ್ತು ಮಾಡಲಾಯಿತು. ಊರಿನಲ್ಲಿ ಗಾಜಿನ ಗೋಡೆಗಳು ಮುಗಿಲೆತ್ತರಕ್ಕೆ ಏಳುತ್ತಿದ್ದ ಹೊತ್ತಿಗೆ ಸರಿಯಾಗಿ, ಕನ್ನಡಿ ಹಿಡಿಯುವವರನ್ನು ಮನೆಗೆ ಕಳುಹಿಸಿದೆವು.

ಅದಕ್ಕೂ ಮೊದಲು, ಎಂಬತ್ತರ ದಶಕದಲ್ಲಿ, ವಿಧಾನಸೌಧದ ಎದುರಿಗಿರುವ ಕೆಂಪು ಅಠಾರಾ ಕಚೇರಿಯನ್ನು, 1868ರ ಕಟ್ಟಡವನ್ನು, ಕೆಡವಬೇಕೆಂದು ಸರ್ಕಾರ ಹೊರಟಿತ್ತು. ನಾಗರಿಕರು ಹೈಕೋರ್ಟಿಗೆ ಹೋದರು. ಹೈಕೋರ್ಟು ಇದ್ದದ್ದು ಅದೇ ಕಟ್ಟಡದಲ್ಲಿ. ನ್ಯಾಯಮೂರ್ತಿಗಳು ಸುಮ್ಮನೆ ತಲೆಯೆತ್ತಿದರೂ ಮೊಕದ್ದಮೆಯ ಸಾಕ್ಷ್ಯ ಕಾಣುತ್ತಿತ್ತು. ಕಟ್ಟಡ ಉಳಿದಿದೆ. ಬೆಂಗಳೂರಿನಲ್ಲಿ ಒಂದು ಕಟ್ಟಡ ಉಳಿಯಬೇಕಾದರೆ ಅದರೊಳಗೆ ನ್ಯಾಯಾಲಯವೇ ಇರಬೇಕೆಂದು ಅಂದಿನಿಂದ ನನ್ನ ನಂಬಿಕೆ.

ಸಭೆಗೆ ಬರೋಣ. ಮೂರನೆಯವರಾಗಿ ಬಾಯಿ ತೆರೆದವರು ಹಣೆಯ ತುಂಬ ವಿಭೂತಿ ಧರಿಸಿದ್ದ ಹಿರಿಯರು. ಹಾಜರಿ ಪುಸ್ತಕದಲ್ಲಿ ಅವರು 'ತಾಂತ್ರಿಕ ಸಲಹೆಗಾರರು'. ಅವರು ದಿಕ್ಸೂಚಿಯನ್ನು ನಕ್ಷೆಯ ಮೇಲಿಟ್ಟು, ಮುಖ್ಯ ಅಧಿಕಾರಿಗಳ ಬಾಗಿಲು ದಕ್ಷಿಣಕ್ಕೆ ಬಿದ್ದಿದೆಯೆಂದು ನಿಟ್ಟುಸಿರು ಬಿಟ್ಟರು. ವಾಸ್ತುಶಿಲ್ಪಿ ಎಂಬ ಪದದಲ್ಲಿ ನಮ್ಮ ಸಮಿತಿಗಳಿಗೆ ಕೇಳಿಸುವುದು ಮೊದಲಿನ ಎರಡು ಅಕ್ಷರ ಮಾತ್ರ; ಶಿಲ್ಪಿ ಹೊರಗೆ ಕಾಯುತ್ತಿರುತ್ತಾನೆ. ವಿಧಾನಸೌಧದಲ್ಲೇ ಮುಖ್ಯಮಂತ್ರಿ ಕೊಠಡಿಯ ದಕ್ಷಿಣದ ಬಾಗಿಲು ವಾಸ್ತುದೋಷದ ನೆಪದಲ್ಲಿ ಮುಚ್ಚಿಕೊಂಡಿತ್ತು. 2023ರ ಜೂನ್‌ನಲ್ಲಿ ಸಿದ್ದರಾಮಯ್ಯನವರು ಅದನ್ನು ತೆಗೆಸಿ, ಅದರಲ್ಲೇ ಒಳಗೆ ಹೋದರು. ಬಾಗಿಲು ತೆರೆಯುವುದೂ ಸುದ್ದಿಯಾಗುವ ನಾಡು ನಮ್ಮದು. ಆ ಉದಾಹರಣೆ ಕೊಟ್ಟು ನೋಡಿದೆ. "ಅವರಿಗೆ ನಡೆಯುತ್ತದೆ ಸ್ವಾಮಿ, ನಮಗೆ ವರ್ಗಾವಣೆಯಾಗುತ್ತದೆ" ಎಂದರು ಅಧ್ಯಕ್ಷರು. ಬಾಗಿಲು ಪೂರ್ವಕ್ಕೆ ತಿರುಗಿತು. ಪೂರ್ವದಲ್ಲಿ ಮೆಟ್ಟಿಲಿತ್ತು, ಮೆಟ್ಟಿಲು ಲಿಫ್ಟಿನ ಜಾಗಕ್ಕೆ, ಲಿಫ್ಟು 'ಎರಡನೆಯ ಹಂತ'ಕ್ಕೆ ಹೋದವು.

ಆ ಹುಡುಗಿಯ ಮುಖ ನೋಡಲಾಗಲಿಲ್ಲ. ಅವಳ ಸಂಸ್ಥೆ ಈ ಕೆಲಸ ಗೆದ್ದದ್ದು ನಕ್ಷೆ ಚೆಂದವಿತ್ತೆಂದಲ್ಲ, ಎಲ್ಲರಿಗಿಂತ ಕಡಿಮೆ ಶುಲ್ಕ ಬರೆದಿತ್ತೆಂದು. ಮಗಳಿಗೆ ಗಂಡು ಹುಡುಕುವಾಗ ಯಾರು ಕಡಿಮೆ ಉಣ್ಣುತ್ತಾರೆಂದು ವಿಚಾರಿಸಿದ ಹಾಗೆ. ಇದು ಪಾರದರ್ಶಕತೆ, ಅದಕ್ಕೆಂದು ಸರ್ಕಾರಿ ಟೆಂಡರುಗಳ 1999ರ ಕಾಯ್ದೆಯೇ ಇದೆ. ಅದೇ ಕಾಯ್ದೆಯಲ್ಲಿ ಟೆಂಡರಿನ ಗೋಜಿಲ್ಲದೆ ಬೇಕಾದವರಿಗೆ ಕೆಲಸ ಕೊಡಲು 4(ಜಿ) ಎಂಬ ವಿನಾಯಿತಿಯೂ ಇದೆ. ನಮ್ಮ ಮೊಬೈಲುಗಳಿಗೆ 4ಜಿ ಬರುವ ಹತ್ತು ವರ್ಷ ಮೊದಲೇ ನಮ್ಮ ಕಾಮಗಾರಿಗಳಿಗೆ ಬಂದಿತ್ತು, ವೇಗವೂ ಅದರದೇ ಹೆಚ್ಚು.

ಒಳ್ಳೆಯ ಸಾರ್ವಜನಿಕ ಕಟ್ಟಡವೇ ಇಲ್ಲಿ ಆಗಿಲ್ಲವೆಂದರೆ ನಾಲಗೆ ಬಿದ್ದುಹೋದೀತು. ಬನ್ನೇರುಘಟ್ಟ ರಸ್ತೆಯಲ್ಲಿ ವಾಸ್ತುಶಿಲ್ಪಿ ಬಿ.ವಿ. ದೋಶಿಯವರು ಒರಟುಗಲ್ಲಿನಲ್ಲಿ ಕಟ್ಟಿದ ಐಐಎಂ ಇದೆ. ಅದರ ಓಣಿಗಳಲ್ಲಿ ಬಿಸಿಲು ನೆರಳು ಆಡುವುದನ್ನು ನೋಡಲಾದರೂ ಒಮ್ಮೆ ಹೋಗಬೇಕು. ಹಳೆಯ ಸೆಂಟ್ರಲ್ ಜೈಲನ್ನು ಉದ್ಯಾನವಾಗಿಸಲು ಸ್ಪರ್ಧೆ ನಡೆಸಿ ವಿನ್ಯಾಸ ಆರಿಸಿದ ಫ್ರೀಡಂ ಪಾರ್ಕ್ ಇದೆ. (ಈಗ ಊರಿನಲ್ಲಿ ಪ್ರತಿಭಟನೆ ಮಾಡುವವರು ಅಲ್ಲಿಯೇ ಮಾಡಬೇಕೆಂದು ನಿಯಮವಿದೆ. ಕಟ್ಟಡಕ್ಕೆ ಹಳೆಯ ಕಸುಬು ಮರೆತಿಲ್ಲ.) ಇವನ್ನೆಲ್ಲ ಸಭೆಯಲ್ಲಿ ಹೇಳಿದೆ. ಯಾರೋ ಸ್ಕೈಡೆಕ್ ನೆನಪಿಸಿದರು. 250 ಮೀಟರಿನ ಆ ವೀಕ್ಷಣಾ ಗೋಪುರಕ್ಕೆ ವಿದೇಶಿ ವಾಸ್ತುಶಿಲ್ಪಿಗಳ ವಿನ್ಯಾಸ 2023ರಲ್ಲೇ ಬಂದಿತ್ತು, ಎಲ್ಲಿ ಕಟ್ಟಬೇಕೆಂಬ ಜಾಗ ಮಾತ್ರ ಸಿಕ್ಕಿರಲಿಲ್ಲ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವುದು ಗಾದೆ. ಕೂಸಿಗೆ ಊರೇ ಗೊತ್ತಾಗುವ ಮುನ್ನ ಹೊಲಿಸುವುದು ಯೋಜನೆ.

ಬಳಕೆಯ ದೃಷ್ಟಿಯಿಂದ ಸರ್ಕಾರಿ ಕಟ್ಟಡವನ್ನು ಸರಿಯಾಗಿ ಪರಿಶೀಲಿಸಿದವರು ನನಗೆ ತಿಳಿದಂತೆ ಒಬ್ಬರೇ. ಬೆಳಗಾವಿಯ ಸುವರ್ಣ ವಿಧಾನಸೌಧ ಉದ್ಘಾಟನೆಯಾದದ್ದು 2012ರಲ್ಲಿ. ವರ್ಷಕ್ಕೆ ಹತ್ತು ಹನ್ನೆರಡು ದಿನ ಅಧಿವೇಶನ. ಮಿಕ್ಕ ದಿನ ಅಷ್ಟು ಅಗಲದ ಕಲ್ಲುಹಾಸು ಬಿಸಿಲು ಕಾಯಿಸುತ್ತ ಬಿದ್ದಿರುತ್ತದೆ. 2022ರ ಬೇಸಿಗೆಯಲ್ಲಿ ಅಲ್ಲಿನ ಕಾರ್ಮಿಕ ಮಹಿಳೆಯೊಬ್ಬರು ಅದರ ಮುಂದೆ ಶಾವಿಗೆ ಒಣಹಾಕಿದರು. ಚಿತ್ರ ಎಲ್ಲೆಡೆ ಹರಿದಾಡಿ ದೊಡ್ಡ ಗದ್ದಲವಾಯಿತು. ಗಾಳಿಯ ದಿಕ್ಕು, ಬಿಸಿಲಿನ ಕೋನ, ನೆಲದ ಕಾವು, ಖಾಲಿ ಜಾಗದ ವಿಸ್ತೀರ್ಣ ಎಲ್ಲವನ್ನೂ ಲೆಕ್ಕ ಹಾಕಿದ ಆ ತಾಯಿಯನ್ನು ಪರಿಶೀಲನಾ ಸಮಿತಿಗೆ ಅಧ್ಯಕ್ಷೆ ಮಾಡಬೇಕಿತ್ತು.

ಕೊನೆಗೆ ನಾನೂ ಕೈಯೆತ್ತಿದೆ. ಘನತೆಗಾಗಿ ಕಟ್ಟಡವನ್ನು ನೆಲದಿಂದ ನಾಲ್ಕು ಅಡಿ ಎತ್ತರಿಸಿದ್ದಾರೆ. ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕೆಂಬುದು ನಿಯಮ. ಅಂದರೆ 48 ಅಡಿ. ಹಿಗ್ಗಿದ ಪೋರ್ಟಿಕೊ ಬಿಟ್ಟುಕೊಟ್ಟದ್ದು 16 ಅಡಿ. "ಇದರಲ್ಲಿ ಗಾಲಿಕುರ್ಚಿ ಹತ್ತುವುದು ಹೇಗೆ?" ಎಂದೆ. "ಇಳಿಯಬಹುದಲ್ಲ" ಎಂದರು ಎಂಜಿನಿಯರು. ಇಳಿಯಬಹುದು ನಿಜ, ಒಂದು ಸಲ. ಸಾರ್ವಜನಿಕರಿಗೆ ಶೌಚಾಲಯ ಎಲ್ಲಿದೆಯೆಂದೂ ಕೇಳಿದೆ. ಜನರೇಟರ್ ಕೋಣೆಯ ಹಿಂದೆ ತೋರಿಸಿದರು. ನಕ್ಷೆಯಲ್ಲಿ ಬೀಗ ಮಾತ್ರ ಕಾಣಲಿಲ್ಲ. ಅದು ಉದ್ಘಾಟನೆಯ ಮರುದಿನ ಕೈಗೊಳ್ಳುವ ಹೆಚ್ಚುವರಿ ಕಾಮಗಾರಿ.

ಇಷ್ಟಕ್ಕೆಲ್ಲ ಹಿಡಿದದ್ದು ಇಪ್ಪತ್ತೈದು ನಿಮಿಷ. ಆಮೇಲೆ ಶಂಕುಸ್ಥಾಪನೆಯ ಫಲಕದ ವಿಷಯ ಬಂತು, ಸಭೆ ನೆಟ್ಟಗೆ ಕೂತಿತು. ಇಡೀ ಕಟ್ಟಡದಲ್ಲಿ ಅಸಲಿ ಕಲ್ಲೆಂದರೆ ಅದೊಂದೇ, ಹೊಳಪು ಕೊಟ್ಟ ಕರಿಕಲ್ಲು. ಅದರ ನಕ್ಷೆಗೆ ಮೂರು ಪ್ರತಿ. ಯಾರ ಘನ ಉಪಸ್ಥಿತಿ, ಯಾರ ಗೌರವ ಉಪಸ್ಥಿತಿ, ಯಾರು ಬರೀ ಮುಖ್ಯ ಅತಿಥಿ; ಸಂಸದರ ಹೆಸರಿನ ಅಕ್ಷರ ಉಸ್ತುವಾರಿ ಸಚಿವರದಕ್ಕಿಂತ ದಪ್ಪವಾದರೆ ಏನು ಗತಿ; ವಿಧಾನ ಪರಿಷತ್ತಿನ ಸದಸ್ಯರು ಬಿಟ್ಟುಹೋದರೆ ಹಕ್ಕುಚ್ಯುತಿಯಾಗುವುದಿಲ್ಲವೇ. ಶಿಷ್ಟಾಚಾರದ ಅಧಿಕಾರಿ ಅಡಿಪಟ್ಟಿ ಹಿಡಿದು ಅಕ್ಷರಗಳ ನಡುವಿನ ಅಂತರ ಅಳೆದರು. ಅಷ್ಟು ಶ್ರದ್ಧೆ, ಅಷ್ಟು ಸೂಕ್ಷ್ಮ, ಅನುಪಾತದ ಬಗ್ಗೆ ಅಷ್ಟು ಕಾಳಜಿ! ಸೌಂದರ್ಯಪ್ರಜ್ಞೆ ನಮ್ಮವರಿಗಿಲ್ಲ ಎನ್ನುವವರು ಆ ಒಂದೂವರೆ ಗಂಟೆ ಅಲ್ಲಿರಬೇಕಿತ್ತು. "ವಾಸ್ತುಶಿಲ್ಪಿಯ ಹೆಸರು ಎಲ್ಲಿ ಬರುತ್ತದೆ?" ಎಂದು ಹುಡುಗಿ ಮೆಲ್ಲಗೆ ಕೇಳಿದಳು. "ಜಾಗ ಇಲ್ಲ ಮೇಡಂ, ಗುತ್ತಿಗೆದಾರರದ್ದು ಇದೆಯಲ್ಲ" ಎಂದು ಸಮಾಧಾನ ಹೇಳಿದರು.

2025ರ ಸೆಪ್ಟೆಂಬರಿನಲ್ಲಿ ಬೆಂಗಳೂರು ಐದು ಪಾಲಿಕೆಗಳಾಯಿತು. ಐದು ಪಾಲಿಕೆ ಎಂದರೆ ಐದು ಕೇಂದ್ರ ಕಚೇರಿ, ಐದು ಗುಮ್ಮಟ, ಇಪ್ಪತ್ತು ಕಾರಿನ ಪೋರ್ಟಿಕೊ. ಲೆಕ್ಕ ಹಾಕುತ್ತ ಮನೆಗೆ ಬಂದೆ. ಬೋಂಡಾ ಚೆನ್ನಾಗಿತ್ತೆಂದು ಹೆಂಡತಿಗೆ ಹೇಳಿದೆ.

ಮೂರು ವಾರದ ನಂತರ ಸಭಾ ನಡವಳಿಯ ಪ್ರತಿ ಅಂಚೆಯಲ್ಲಿ ಬಂತು. ವಿಷಯ ಒಂದು: ಕಟ್ಟಡದ ವಿನ್ಯಾಸ. ಸುದೀರ್ಘವಾಗಿ ಚರ್ಚಿಸಿ ಅನುಮೋದಿಸಲಾಯಿತು. ವಿಷಯ ಎರಡು: ಫಲಕ. ಹೆಚ್ಚಿನ ಪರಿಶೀಲನೆ ಅಗತ್ಯವಿರುವುದರಿಂದ ಮುಂದಿನ ಸಭೆಗೆ ಮುಂದೂಡಲಾಯಿತು. ಕೆಳಗೆ ಒಂದು ಸಾಲು: 'ಸಾರ್ವಜನಿಕರ ಪ್ರತಿನಿಧಿಗಳು ಇಳಿಜಾರು ಹಾಗೂ ಶೌಚಾಲಯದ ವ್ಯವಸ್ಥೆಯನ್ನು ವಿಶೇಷವಾಗಿ ಶ್ಲಾಘಿಸಿದರು.'