ಬಡಿಯುವ ಸಾಮಾನು

ನಮ್ಮ ಕಲಬುರಗಿ ಕಡೆ ಬಡಿಯುವುದಕ್ಕೆ ಕೊರತೆಯೇನಿಲ್ಲ. ರೊಟ್ಟಿ ಬಡಿಯುತ್ತೇವೆ. ಹಲಗಿ ಬಡಿಯುತ್ತೇವೆ. ಏಪ್ರಿಲ್ ಬಂತೆಂದರೆ ಬಿಸಿಲು ನಮ್ಮನ್ನೇ ಬಡಿಯುತ್ತದೆ. ಇಷ್ಟು ಸಾಲದು ಅಂತ ಎಂಟು ವರ್ಷದ ಮಗ ಡ್ರಮ್ ಸೆಟ್ ಕೇಳಿದ.

ಸೈಕಲ್ ಕೇಳಿದ್ದರೆ ಅಂದೇ ಕೊಡಿಸುತ್ತಿದ್ದೆ. ಸೈಕಲ್ ಕೊಡಿಸಿದರೆ ಹುಡುಗ ಹೊರಗೆ ಹೋಗುತ್ತಾನೆ. ಡ್ರಮ್ ಕೊಡಿಸಿದರೆ ಓಣಿಯೇ ಜಗಳಕ್ಕೆ ಒಳಗೆ ಬರುತ್ತದೆ. ನಮ್ಮದು ಮೇಲಿನ ಮನೆ, ನೆಲಕ್ಕೆ ಶಹಾಬಾದ್ ಫರಸಿ. ಬರಿಗಾಲಿಗೆ ತಂಪು, ನಿಜ. ಆದರೆ ಒಂದು ಚಮಚ ಬಿದ್ದರೆ ಮೂರು ಕೋಣೆಗೆ ಕೇಳುತ್ತದೆ. ಮೇ ತಿಂಗಳ ಮಧ್ಯಾಹ್ನ 42, 43 ಡಿಗ್ರಿ ಬಿಸಿಲಿಗೆ ಎಲ್ಲರೂ ಬಾಗಿಲು ಹಾಕಿ ಕೂಲರ್ ಮುಂದೆ ಬಿದ್ದಿರುತ್ತಾರೆ. ಹುಡುಗರಿಗೆ ರಜೆ ಇರುವುದೂ ಆಗಲೇ, ಅಲ್ವಾ?

ನಮ್ಮಪ್ಪನಿಗೆ, ಅಂದರೆ ಹುಡುಗನ ಮುತ್ಯಾನಿಗೆ, ಈ ಸೆಟ್ಟಿನ ಗೊಡವೆಯೇ ಅರ್ಥವಾಗಲಿಲ್ಲ. "ಒಂದ್ ಹಲಗಿ ಕೊಡ್ಸು. ಇಷ್ಟೆಲ್ಲಾ ಡಬ್ಬಿ ಯಾಕ ಬೇಕು?" ಅಂದರು. ಮೊಹರಮ್ಮಿನಲ್ಲಿ ಅಲಾಯಿ ಕುಣಿಯುವಾಗ ಹಲಗಿ ಕೇಳುತ್ತಾ ಬೆಳೆದವರು ಅವರು. ತಂಪು ಹವೆಗೆ ಚರ್ಮ ಸಡಿಲಾದರೆ ಬೆಂಕಿಗೆ ಹಿಡಿದು ಕಾಯಿಸಿ, ಬೆರಳಿನಿಂದ ತಟ್ಟಿ ನೋಡಿ, ಮತ್ತೆ ಕಾಯಿಸುವುದನ್ನು ನಾನೂ ನೋಡಿದ್ದೇನೆ. ಈಗಿನ ಡ್ರಮ್ಮಿಗೆ ಚರ್ಮದ ಬದಲು ಪ್ಲಾಸ್ಟಿಕ್ ಹಾಳೆ, 1950ರ ದಶಕದಲ್ಲೇ ಬಂತು, ಸಣ್ಣ ಕೀಲಿ ತಿರುಗಿಸಿ ಬಿಗಿ ಮಾಡುತ್ತಾರೆ ಅಂತ ವಿವರಿಸಿದೆ. "ಕೀಲಿ ಕಳದ್ರ?" ಅಂದರು. ದಿನಾ ಗಾಡಿ ಕೀಲಿ ಹುಡುಕುವ ನಾನು ಸುಮ್ನಾದೆ.

ಅಂಗಡಿಯಲ್ಲಿ ನನ್ನ ಕಣ್ಣು ಬಿದ್ದದ್ದು ಕೆಂಪು ಬಣ್ಣದ ದೊಡ್ಡ ಸೆಟ್ಟಿನ ಮೇಲೆ. ಐದು ಡ್ರಮ್ಮು, ಮೂರು ತಾಳದ ತಟ್ಟೆ, ಮಿರಮಿರ ಮಿಂಚುವ ಸ್ಟ್ಯಾಂಡುಗಳು. ಮಗನನ್ನು ಅದರ ಹಿಂದೆ ಕೂರಿಸಿದೆವು. ಹುಡುಗ ಮಾಯ! ಮುಂದಿನ ಬೇಸ್ ಡ್ರಮ್, ಅದೇ ಕಾಲಿನ ಪೆಡಲ್ ಒತ್ತಿ ಬಡಿಯುವ ದೊಡ್ಡದು, 22 ಇಂಚು. ಅದರ ಮೇಲಿನ ಡ್ರಮ್ಮುಗಳ ನಡುವೆ ಅವನ ತಲೆಗೂದಲು ಮಾತ್ರ ಕಾಣುತ್ತಿತ್ತು. ದೊಡ್ಡದು ತಗೊಂಡರೆ ನಾಲ್ಕು ವರ್ಷ ಬರುತ್ತದೆ ಅನ್ನುವುದು ನನ್ನ ಲೆಕ್ಕ. ಶಾಲೆ ಅಂಗಿಯನ್ನೂ ಹಾಗೇ ತರುವುದು ನಾವು. ಅಂಗಡಿಯವರು ನಕ್ಕು, "ಅಂಗಿ ತೋಳು ಮಡಚಬಹುದು ಸರ್, ಇದನ್ನ ಎಲ್ಲಿ ಮಡಚ್ತೀರಿ?" ಅಂದರು.

ಅವರು ಮೊದಲು ನೋಡಿದ್ದು ಡ್ರಮ್ಮನ್ನಲ್ಲ, ಸ್ಟೂಲನ್ನು. ಆ ಗುಂಡು ಸ್ಟೂಲಿಗೆ ಥ್ರೋನ್ ಅನ್ನುತ್ತಾರಂತೆ, ಅಂದರೆ ಸಿಂಹಾಸನ. (ದೊರೆ ಹತ್ತಿದ ಮೇಲೆ ಕೆಳಗಿನ ಮನೆಯ ಪ್ರಜೆಗಳ ಪಾಡು ದೇವರೇ ಬಲ್ಲ.) ಕೂತಾಗ ಪಾದ ಪೂರ್ತಿ ಪೆಡಲ್ ಮೇಲೆ ಊರಬೇಕು, ತೊಡೆ ಮೊಣಕಾಲಿನ ಕಡೆಗೆ ಚೂರು ಇಳಿಜಾರಾಗಿರಬೇಕು. ಸ್ನೇರ್ ಡ್ರಮ್, ಅದೇ ಕೆಳಗೆ ಸಣ್ಣ ತಂತಿ ಕಟ್ಟಿ ಚರ್ ಅನ್ನಿಸುವುದು, ಸೊಂಟದ ಮಟ್ಟಕ್ಕೆ ಬರಬೇಕು. ಇವನ ಅಳತೆಗೆ 16 ಇಂಚಿನ ಬೇಸ್ ಡ್ರಮ್ ಇರುವ ಮಕ್ಕಳ ಸೆಟ್ ಸಾಕು. ಕೋಲು ಕೂಡ ತೆಳ್ಳಗಿನದು, 7ಎ ಅನ್ನುವ ಅಳತೆಯದು. ಹಿಂದೆಲ್ಲ ಬೇಸ್ ಡ್ರಮ್ಮಿಗೆ ಒಬ್ಬ, ಸ್ನೇರಿಗೆ ಒಬ್ಬ ಇರುತ್ತಿದ್ದರು. 1909ರ ಸುಮಾರಿಗೆ ಅಮೆರಿಕದ ಡ್ರಮ್ ತಯಾರಕ ಲಡ್ವಿಗ್ ಒಳ್ಳೆಯ ಪೆಡಲ್ ಮಾಡಿದ ಮೇಲೆ ಕೂತಲ್ಲೇ ಕಾಲಿನಿಂದಲೂ ಬಡಿಯುವುದು ಸಲೀಸಾಯಿತು. ಇಬ್ಬರ ಗದ್ದಲ ಒಬ್ಬನೇ ಮಾಡುವಂತಾಯಿತು. ಪುಣ್ಯಾತ್ಮ!

ಆಮೇಲೆ ಮೂಲೆಯಲ್ಲಿದ್ದ ಎಲೆಕ್ಟ್ರಾನಿಕ್ ಸೆಟ್ ಕಂಡಿತು. ಬಲೆಯಂಥ ಬಟ್ಟೆ ಬಿಗಿದ ಪ್ಯಾಡುಗಳು. ಹೆಡ್‌ಫೋನ್ ಹಾಕಿದವನಿಗೆ ಮಾತ್ರ ಡ್ರಮ್ ಕೇಳುತ್ತದೆ. ಮಗ ಕೂತು ಬಡಿದ. ಅವನ ಮುಖದಲ್ಲಿ ಜಾತ್ರೆ, ನಮಗೆ ಬರೀ ಟಪ್ ಟಪ್. ಕಾಲಿನ ಪೆಡಲ್ ಪೆಟ್ಟು ಮಾತ್ರ ನೆಲದಿಂದ ಕೆಳಗಿನ ಮನೆಗೆ ಹೋಗುತ್ತದೆ, ದಪ್ಪ ಮ್ಯಾಟ್ ಹಾಸಿ ಅಂದರು. ಹಾಸುತ್ತೇನೆ ಅಂದೆ. ಅದನ್ನೇ ತಂದೆವು. ಮಗನ ಅಳತೆ ನೋಡಿ ತಂದೆ ಅಂತ ಎಲ್ಲರಿಗೂ ಹೇಳುತ್ತೇನೆ. ನನ್ನ ಮಧ್ಯಾಹ್ನದ ನಿದ್ದೆಯ ಅಳತೆ ಅದು.

ಮೊದಲ ದಿನ ಒಳಕೋಣೆಯಲ್ಲಿ ಮ್ಯಾಟ್ ಹಾಸಿ ಜೋಡಿಸಿದೆವು. ಹೆಡ್‌ಫೋನ್ ಏರಿಸಿ ಮಗ ಶುರು ಮಾಡಿದ. ಟಪ್ ಟಪ್, ಟಪಟಪ ಟಪ್. ಆಗಲೇ ಹೊರಗಿನಿಂದ ಬಂದ ಅವ್ವ ಚಪ್ಪಲಿ ಬಿಡುತ್ತಾ, "ಈ ಹೊತ್ತಿನ್ಯಾಗ ಯಾರು ರೊಟ್ಟಿ ಬಡಿಲತ್ತಾರ?" ಅಂದಳು. ಡ್ರಮ್ ಅಂದೆ. ಅವಳು ನಂಬಲಿಲ್ಲ. ಬಾಗಿಲ ಹತ್ತಿರ ನಿಂತು, ತಲೆ ವಾಲಿಸಿ ಒಂದು ಗಳಿಗೆ ಕೇಳಿದಳು.

"ಯಾರರೆ ಇರಲಿ," ಅಂದಳು, "ಹಿಂಗ ಬಡಿದ್ರ ರೊಟ್ಟಿ ಹರಿತದ."